ಮಾತು ಕೊಡುವ ಮೊದಲು

ರಾತ್ರಿ ವೇಳೆ ಹಾವಿನ ಹೆಸರೆತ್ತಬಾರದೆಂಬುದು ನಮ್ಮ ಹಳ್ಳಿಗಳ ಕಟ್ಟಳೆ. 'ಹುಳ' ಎನ್ನುತ್ತಾರೆ. ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಮನಸ್ಸಿನ ಬೇನೆಗೂ ನಾವು ಇದೇ ಉಪಚಾರ ಮಾಡುತ್ತ ಬಂದಿದ್ದೇವೆ. "ಅವನಿಗೆ ಸ್ವಲ್ಪ ಮೈಗೆ ಹುಷಾರಿಲ್ಲ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಕಾಫಿ ತರಲು ಒಳಗೆ ಹೋಗಿಬಿಡುತ್ತೇವೆ. ಸಿಡುಬಿಗೆ ಅಮ್ಮನೆಂಬ ಗೌರವವಾದರೂ ಇತ್ತು!

ಈಚೆಗೆ ಗಾಳಿ ಕೊಂಚ ತಿರುಗಿದೆ. 2015ರಲ್ಲಿ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡರು. ಸಂಕೋಚ ಬಿಡಿ, ಮನಸ್ಸು ಬಿಚ್ಚಿ ಮಾತನಾಡಿ ಎಂಬ ಉಪದೇಶ ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಒಳ್ಳೆಯದೇ. ಆದರೆ ಉಪದೇಶವೆಲ್ಲ ಹೇಳಿಕೊಳ್ಳುವವನಿಗೆ. ಕೇಳುವವನಿಗೆ ಯಾರೂ ಏನನ್ನೂ ಕಲಿಸುವುದಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಬೆಳಿಗ್ಗೆ ಬಿದ್ದ ಮಾತು ಸಂಜೆಯ ಹೊತ್ತಿಗೆ ಹಾಸ್ಟೆಲಿನ ಊಟದ ಮನೆಯನ್ನು ಮುಟ್ಟುವುದನ್ನು, ಬಹುಕಾಲ ಮೇಷ್ಟರಾಗಿದ್ದ ನಾನು ಬೇಕಾದಷ್ಟು ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ಬಂದು, "ಸಾರ್, ಒಂದು ವಿಷಯ ಹೇಳಬೇಕು. ಯಾರಿಗೂ ಹೇಳೋದಿಲ್ಲ ಅಂತ ಮೊದಲು ಮಾತು ಕೊಡಿ" ಎಂದ. ಧರ್ಮಸಂಕಟವಿರುವುದು ಇಲ್ಲೇ. ಮಾತು ಕೊಡದಿದ್ದರೆ ಹುಡುಗ ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಕೊಟ್ಟಮೇಲೆ, ಅವನು ಹೇಳುವುದು ಪ್ರಾಣದ ಮಾತಾಗಿದ್ದರೆ? ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಹೊರಟ ಪುಣ್ಯಕೋಟಿಯನ್ನು ಮೆಚ್ಚಿಕೊಂಡು ಬೆಳೆದವರು ನಾವು. ಆದರೆ ಆ ಹಸು ಪಣವಿಟ್ಟದ್ದು ತನ್ನ ಪ್ರಾಣವನ್ನು, ಮತ್ತೊಬ್ಬರದನ್ನಲ್ಲ.

"ನಿನ್ನ ಪ್ರಾಣಕ್ಕೆ ಅಪಾಯವಿಲ್ಲದ ಯಾವ ಮಾತೂ ನನ್ನಿಂದ ಹೊರಗೆ ಹೋಗೋದಿಲ್ಲ. ಅಪಾಯವಿದ್ದರೆ ಒಬ್ಬರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಅನ್ನೋದನ್ನು ನಿನ್ನನ್ನು ಕೇಳಿಯೇ ನಿಶ್ಚಯಿಸೋಣ" ಎಂದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. ತಿಂಗಳುಗಟ್ಟಲೆ ಸರಿಯಾದ ನಿದ್ರೆಯಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ನಗುವುದು ಊರಿಗೆ ಫೋನು ಮಾಡುವಾಗ ಮಾತ್ರ. "ಸಾಯಬೇಕು ಅನ್ನಿಸುತ್ತೇನಪ್ಪ?" ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತುಂಬಿದಂತಾಗುತ್ತದೆಂದು ಹೆದರುವವರುಂಟು. ಮನೋವೈದ್ಯರು ಹೇಳುವುದು ಬೇರೆ: ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ವೇಳೆ ಹೊತ್ತಿದ್ದ ಭಾರ ಇಳಿಯುತ್ತದೆ. ಹುಡುಗ "ಒಮ್ಮೊಮ್ಮೆ" ಎಂದ. ಅಪ್ಪನಿಗೆ ಬೇಡ, ಅಕ್ಕನಿಗೆ ಹೇಳಬಹುದು ಎಂದ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಬೆಳಿಗ್ಗೆ ಅಕ್ಕ ಬಂದು ವೈದ್ಯರಲ್ಲಿಗೆ ಕರೆದೊಯ್ದಳು.

2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗುಟ್ಟನ್ನು ಅವನ ಹಕ್ಕೆಂದು ಒಪ್ಪಿದೆ. ಜೀವಾಪಾಯವಿದ್ದಾಗ ವೈದ್ಯರು ಅದನ್ನು ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೊರಗೆ ಹೇಳಬಹುದು. 'ಬೇಕಾದಷ್ಟನ್ನು ಮಾತ್ರ' ಎಂಬ ಅಳತೆ ಮೇಷ್ಟರಿಗೂ ಸಲ್ಲುತ್ತದೆಂದು ನನ್ನ ಎಣಿಕೆ. ಪರಿಚಯದವರ ಮುಂದೆ ಬಾಯಿ ಬಾರದವರಿಗೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಗೆಳೆಯರ ವಿಷಯ ಇನ್ನೂ ಕಷ್ಟ. ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂಡುವ ನಮ್ಮ ಗುಂಪು ಸಕ್ಕರೆ ಕಾಯಿಲೆಯ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುತ್ತದೆ. ಒಂದು ದಿನ ನಾನು, ರಕ್ತದೊತ್ತಡದ ಮಾತ್ರೆಯ ಜೊತೆಗೆ ಖಿನ್ನತೆಯ ಮಾತ್ರೆಯನ್ನೂ ಎರಡು ವರ್ಷ ನುಂಗಿದ್ದೆನೆಂದು ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮಳೆಯ ಮಾತೆತ್ತಿದರು. ಮಾರನೆಯ ದಿನ ಅವರೇ ಫೋನು ಮಾಡಿ, ದನಿ ತಗ್ಗಿಸಿ ಕೇಳಿದರು: "ನಿಮ್ಮ ಡಾಕ್ಟರು ಯಾವ ದಿನ ಸಿಗ್ತಾರೆ?"