ಸೋತ ಪಂದ್ಯದಲ್ಲಿ ಗೆದ್ದ ಆಟ

ಮನುಷ್ಯನ ಸ್ಮೃತಿಯು ಅಂಗಡಿಯ ಕಿರ್ದಿಯಂತೆ ನಡೆಯುವದಿಲ್ಲ. ಕಿರ್ದಿಯಲ್ಲಿ ಜಮೆ-ಖರ್ಚುಗಳನ್ನು ಕೂಡಿ ಕಳೆದು ಕೊನೆಗೆ ಉಳಿದ ಶಿಲ್ಕಿಗೇ ಬೆಲೆ. ನಡುವಿನ ಏರಿಳಿತಗಳು ಮರುದಿನಕ್ಕೆ ಬೇಡವಾಗುವವು. ಸ್ಮೃತಿಯಾದರೋ ಎಷ್ಟೋ ಸಲ ಶಿಲ್ಕನ್ನು ಮರೆತು ನಡುವಿನ ಒಂದು ಸಾಲನ್ನೇ ಎತ್ತಿಟ್ಟುಕೊಳ್ಳುವದು. ಯಾವದು ಗೆದ್ದಿತು, ಯಾವದು ಸೋತಿತು ಎಂಬದಕ್ಕಿಂತ, ಬೀಳುತ್ತಿದ್ದುದು ಹೇಗೆ ಎದ್ದು ನಿಂತಿತು ಎಂಬದೇ ಅದಕ್ಕೆ ಪ್ರಿಯವು. ಇದು ಸ್ಮೃತಿಯ ದೌರ್ಬಲ್ಯವೋ, ಅಥವಾ ಲೆಕ್ಕಕ್ಕೆ ಸಿಕ್ಕದ ಯಾವದೋ ಒಂದು ಸತ್ಯವನ್ನು ಅದು ಕಂಡಿರುವದೋ? ಆಟದ ಬಯಲಿನಲ್ಲಿ ನಡೆದ ಒಂದು ಸಂಗತಿಯನ್ನು ಒರೆಗಲ್ಲಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸಬಹುದು.

ಸಂಗತಿಯು ೨೦೧೪ನೆಯ ಇಸವಿಯ ಸಪ್ಟೆಂಬರ ತಿಂಗಳಿನದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣದಲ್ಲಿ ಡೇವಿಸ್ ಕಪ್ಪಿಗಾಗಿ ಭಾರತವೂ ಸರ್ಬಿಯಾ ದೇಶವೂ ಎದುರುಬದುರಾದವು. ಗೆದ್ದವರಿಗೆ ಅಗ್ರಪಂಕ್ತಿಯ ಹದಿನಾರು ದೇಶಗಳ ಸಾಲಿನಲ್ಲಿ ಸ್ಥಾನ. ಸರ್ಬಿಯಾ ೨೦೧೦ರಲ್ಲಿ ಆ ಕಪ್ಪನ್ನೇ ಗೆದ್ದಿದ್ದ ದೇಶ. ಅಂದಿನ ನಿಯಮದಂತೆ ಒಂದು ಪಂದ್ಯಕ್ಕೆ ಐದು ಆಟಗಳು: ಮೊದಲನೆಯ ದಿನ ಎರಡು ಒಂಟಿಯಾಟ, ಎರಡನೆಯ ದಿನ ಒಂದು ಜೋಡಿಯಾಟ, ಮೂರನೆಯ ದಿನ ಮತ್ತೆ ಎರಡು ಒಂಟಿಯಾಟ. ಮೂರು ಆಟಗಳನ್ನು ಗೆದ್ದ ದೇಶಕ್ಕೆ ಪಂದ್ಯ. ಶುಕ್ರವಾರ, ೧೨ನೆಯ ತಾರೀಖಿನಂದು, ಭಾರತವು ಎರಡೂ ಒಂಟಿಯಾಟಗಳನ್ನು ಸೋತಿತು. ಇನ್ನೊಂದು ಸೋತರೆ ಎಲ್ಲವೂ ಮುಗಿದಂತೆಯೇ.

ಮರುದಿನದ ಜೋಡಿಯಾಟಕ್ಕೆ ಇಳಿದವರು ಲಿಯಾಂಡರ್ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ. ಪೇಸರಿಗೆ ಆಗ ೪೧ ವರ್ಷ, ಬೋಪಣ್ಣನವರಿಗೆ ೩೪. ಎದುರಿಗೆ ನೆನಾದ್ ಝಿಮೊನಿಚ್ ಮತ್ತು ಇಲಿಯಾ ಬೊಝೊಲ್ಯಾಕ್. ಮೊದಲನೆಯ ಸೆಟ್ಟು ೧-೬ರಿಂದ ಹೋಯಿತು. ಎರಡನೆಯದು ಕೊನೆಯವರೆಗೆ ಸೆಣಸಿಯೂ ೬-೭ರಿಂದ ಹೋಯಿತು. ಮೂರು ಸೆಟ್ಟು ಗೆಲ್ಲಬೇಕಾದಲ್ಲಿ ಎರಡನ್ನು ಎದುರಾಳಿಯು ಆಗಲೇ ಕೈಗೆ ತೆಗೆದುಕೊಂಡಿದ್ದನು. ಅಲ್ಲಿಂದ ಮುಂದೆ ಆಟವು ತಿರುಗಿತು: ೬-೩, ೬-೩, ಕಡೆಗೆ ೮-೬. ಭಾರತದ ಜೋಡಿಯು ಗೆದ್ದಿತು. ಆಟವನ್ನು ಕಂಡವರು ಇಂದಿಗೂ ಅದನ್ನು ನೆನೆವಾಗ ಮೊದಲ ಎರಡು ಸೆಟ್ಟುಗಳನ್ನು ಬಿಡದೆ ಹೇಳುವರು. ಬಿದ್ದುದನ್ನು ಹೇಳದೆ ಎದ್ದುದರ ರುಚಿಯು ತಿಳಿಯದಷ್ಟೆ.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ರವಿವಾರ ಸೋಮದೇವ ದೇವವರ್ಮನ್ ಐದು ಸೆಟ್ಟುಗಳ ಆಟವನ್ನು ಗೆದ್ದು ಪಂದ್ಯವನ್ನು ಎರಡಕ್ಕೆ ಎರಡರಂತೆ ಸಮಮಾಡಿದರು. ಕಡೆಯ ಆಟವು ಮಳೆಯ ದೆಸೆಯಿಂದ ಸೋಮವಾರಕ್ಕೆ ಹೋಯಿತು. ಅದರಲ್ಲಿ ಯೂಕಿ ಭಾಂಬ್ರಿ ಸೋತರು. ಪಂದ್ಯವು ೩-೨ರಿಂದ ಸರ್ಬಿಯಾದ ಪಾಲಾಯಿತು. ಅಂದರೆ ಶನಿವಾರದ ಆ ಜೋಡಿಯಾಟವು ಭಾರತಕ್ಕೆ ಕೊನೆಗೆ ಏನನ್ನೂ ತಂದುಕೊಡಲಿಲ್ಲ. ೦-೩ರಿಂದ ಸೋಲುವದಕ್ಕೂ ೨-೩ರಿಂದ ಸೋಲುವದಕ್ಕೂ ಶಿಲ್ಕಿನಲ್ಲಿ ಭೇದವಿಲ್ಲ. ಆದರೂ ಜನರು ನೆನೆಯುವದು ಶನಿವಾರವನ್ನೇ. ೧೯೬೬ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿಯೂ ಹೀಗೆಯೇ ಆಗಿತ್ತು. ಬ್ರಾಝಿಲ್ ದೇಶದ ಥಾಮಸ್ ಕಾಖ್ ಎಂಬವನೆದುರು ರಾಮನಾಥನ್ ಕೃಷ್ಣನ್ನರು ನಾಲ್ಕನೆಯ ಸೆಟ್ಟಿನಲ್ಲಿ ೨-೫ರಷ್ಟು ಹಿಂದೆ ಬಿದ್ದಿದ್ದರು. ಅಲ್ಲಿಂದ ಆ ಸೆಟ್ಟನ್ನೂ ಮುಂದಿನದನ್ನೂ ಗೆದ್ದು ಭಾರತವನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದರು. ಆ ಅಂತಿಮ ಪಂದ್ಯವನ್ನು ಭಾರತವು ಆಸ್ಟ್ರೇಲಿಯಾಕ್ಕೆ ಸೋತಿತು. ಜನರ ಬಾಯಲ್ಲಿ ಉಳಿದುದು ಕಲಕತ್ತೆಯ ಆಟವೇ.

ವ್ಯವಹಾರಿಯಾದವನು ಇದನ್ನು ಕೇಳಿ ನಗಬಹುದು. ಸೋತವರಿಗೆ ಸಮಾಧಾನ ಬೇಕು, ಆದುದರಿಂದ ಸೋಲಿನೊಳಗೆ ಒಂದು ಗೆಲುವನ್ನು ಹುಡುಕಿ ತೆಗೆಯುವರು, ಎಂದು ಅವನು ಹೇಳಬಹುದು. ಈ ಆಕ್ಷೇಪಣೆಯನ್ನು ಸುಮ್ಮನೆ ತಳ್ಳಿಬಿಡಲಾಗದು. ಉತ್ತರ ಕೊಡುವದಕ್ಕೆ ಮೊದಲು ಟೆನಿಸ್ ಆಟದ ಕಟ್ಟನ್ನು ಸ್ವಲ್ಪ ನೋಡಬೇಕು. ಈ ಆಟಕ್ಕೆ ಗಡಿಯಾರವಿಲ್ಲ. ಕಾಲವು ಮುಗಿಯಿತೆಂದು ಯಾರೂ ಸೋಲುವಂತಿಲ್ಲ. ಮುಂದಿರುವವನು ಕಾಲಹರಣ ಮಾಡಿ ಗೆಲ್ಲುವಂತೆಯೂ ಇಲ್ಲ. ಪ್ರತಿಯೊಂದು ಸೆಟ್ಟೂ ಶೂನ್ಯದಿಂದ ಆರಂಭವಾಗುವದು. ೬-೧ರಿಂದ ಗೆದ್ದ ಸೆಟ್ಟಿಗೂ ೭-೬ರಿಂದ ಗೆದ್ದ ಸೆಟ್ಟಿಗೂ ಬೆಲೆಯು ಒಂದೇ. ಎಷ್ಟೇ ಮುಂದಿದ್ದರೂ ಕಡೆಯ ಅಂಕವನ್ನು ಗೆದ್ದೇ ತೀರಬೇಕು. ಸಾರಾಂಶ, ಸೋಲುತ್ತಿರುವವನಿಗೆ ಸೋಲಿನ ಕೊನೆಯ ಕ್ಷಣದವರೆಗೂ ಬಾಗಿಲು ತೆರೆದೇ ಇರುವದು. ಬಾಗಿಲು ತೆರೆದಿದೆಯೆಂದು ನಂಬುವದು ಮಾತ್ರ ಅವನ ಕೆಲಸ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳಲ್ಲಿ ಟೆನಿಸ್ ಮನೆಮಾತಿನ ಆಟವಲ್ಲ. ಆದರೆ ನೆನಪಿಟ್ಟುಕೊಳ್ಳುವ ಅಭಿಮಾನಿಯನ್ನು ಇಲ್ಲಿ ಹುಡುಕಬೇಕಾದದ್ದಿಲ್ಲ. ದೀಪಾವಳಿಯಾದ ಮೇಲೆ ಊರೂರಿಗೆ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುವವು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರವನ್ನು ಕಟ್ಟಿ ಅಖಾಡದಲ್ಲಿ ಬಿಡುವರು. ಇಕ್ಕೆಲದ ಜನರಿಗೆ ಕೊಬ್ಬರಿಯನ್ನು ಹರಿಯಗೊಡದೆ ಓಡಿ ದಾಟಿದ ಹೋರಿಗೆ ಕೀರ್ತಿ. ಕೊಬ್ಬರಿಯ ಬೆಲೆಯು ಎಷ್ಟು? ಆದರೂ ಆ ಹೋರಿಗೆ ಹೆಸರಿಡುವರು, ಅದರ ಓಟವನ್ನು ವರುಷಗಟ್ಟಲೆ ಕಟ್ಟೆಯ ಮೇಲೆ ಕುಳಿತು ವರ್ಣಿಸುವರು, ಸತ್ತರೆ ಮನುಷ್ಯನಿಗೆ ಮಾಡಿದಂತೆ ಮಣ್ಣು ಮಾಡುವರು. ಎಲ್ಲರೂ ಹಿಡಿದೇಬಿಟ್ಟರೆಂದು ಕೂಗಿದಾಗ ಕೊಸರಿಕೊಂಡು ಹೋದ ಹೋರಿಯ ಮಾತು ಬಂದರೆ ಮುದುಕರ ಕಣ್ಣು ಕೂಡ ಅರಳುವದು. ಬೆಂಗಳೂರಿನ ಅಂಗಣದಲ್ಲಿ ಕುಳಿತಿದ್ದವನೂ ಹಿರೇಕೆರೂರಿನ ಅಖಾಡದ ಅಂಚಿನಲ್ಲಿ ನಿಂತಿದ್ದವನೂ ಈ ವಿಷಯದಲ್ಲಿ ಅಣ್ಣತಮ್ಮಂದಿರೇ.

ಈ ನಾಡಿನ ಹಿರಿಯರು ಇದೇ ವಿಚಾರವನ್ನು ಕಲ್ಲಿನಲ್ಲಿ ಬರೆದಿಟ್ಟಿರುವರು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಆವರಣದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ವೀರಗಲ್ಲುಗಳಿರುವವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಆ ವೀರನು ಸತ್ತವನು; ಒಂದು ಅರ್ಥದಲ್ಲಿ ಸೋತವನು. ತುರು ಹಿಂದಿರುಗಿ ಬಂದವೋ ಇಲ್ಲವೋ ಎಂಬದು ಅವನ ಸ್ವರ್ಗಕ್ಕೆ ಅಡ್ಡಿಯಾಗಲಿಲ್ಲ. ರನ್ನನ ಗದಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದಿಂದ ಮೇಲೆದ್ದು ಬರುವನು. ಮುಂದೇನಾಗುವದೆಂಬದು ಓದುವವನಿಗೆ ಗೊತ್ತು. ಆದರೂ ಅವನು ಎದ್ದು ಬಂದ ಆ ಘಳಿಗೆಯಲ್ಲಿ ಓದುವವನ ಮನಸ್ಸು ಅವನ ಕಡೆಗೆ ವಾಲುವದು. ಆದುದರಿಂದ ಸೋಲಿನೊಳಗಿನ ಗೆಲುವನ್ನು ನೆನೆಯುವದು ಸೋತವರ ಸಮಾಧಾನವೆಂಬ ಮಾತು ಪೂರ್ಣ ಸತ್ಯವಲ್ಲ. ಫಲಕ್ಕಿಂತ ಬೇರೆಯಾದ ಒಂದು ಬೆಲೆಯನ್ನು ಜನರು ಬಹುಕಾಲದಿಂದ ಬಲ್ಲರು.

ಆದರೆ ಇಲ್ಲಿ ಇನ್ನೊಂದು, ಇದಕ್ಕಿಂತ ಹರಿತವಾದ ಆಕ್ಷೇಪಣೆಯು ಬರುವದು. ಕಡೆಯ ಸೆಟ್ಟು ೮-೬ರಿಂದ ಎದುರಾಳಿಗಳಿಗೆ ಹೋಗಿದ್ದರೆ ಆ ಶನಿವಾರವನ್ನು ಇಷ್ಟು ಜನರು ನೆನೆಯುತ್ತಿದ್ದರೇ? ಆ ದಿನ ಒಟ್ಟು ೫೨ ಗೇಮುಗಳಲ್ಲಿ ಭಾರತದವರು ಗೆದ್ದದ್ದು ೨೭, ಸರ್ಬಿಯಾದವರು ಗೆದ್ದದ್ದು ೨೫. ಎರಡು ಗೇಮುಗಳ ಅಂತರ. ಕೈಯಲ್ಲಿದ್ದ ಆಟವು ಜಾರುತ್ತಿರುವಾಗಲೂ ಕಡೆಯವರೆಗೆ ಬಿಡದೆ ಆಡಿದ ಆ ಇಬ್ಬರ ಧೈರ್ಯವು ಕಡಮೆಯದೇ? ಸೋಮವಾರ, ಇಡೀ ದೇಶದ ಭಾರವನ್ನು ಒಬ್ಬನೇ ಹೊತ್ತು ಇಳಿದು ಸೋತ ತರುಣನು ಪ್ರಯತ್ನಿಸಲಿಲ್ಲವೇ? ಅವರನ್ನು ನೆನೆಯುವವರು ಎಷ್ಟು ಮಂದಿ? ಹಾಗಾದರೆ ಅಭಿಮಾನಿಯು ಪೂಜಿಸುವದು ಧೈರ್ಯವನ್ನಲ್ಲ. ಧೈರ್ಯದ ವೇಷ ಹಾಕಿಕೊಂಡು ಬಂದ ಫಲವನ್ನೇ. ಪಂದ್ಯದ ಫಲವನ್ನು ಮರೆತೆನೆಂದು ಹೇಳುವವನು ಆಟದ ಫಲಕ್ಕೆ ಜೋತುಬಿದ್ದಿರುವನು.

ಈ ದೋಷವು ಆಟದ ಬಯಲಿನಲ್ಲಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಮನೆಯೊಳಗೂ ಬರುವದು. ಸವಣೂರು, ಶಿಗ್ಗಾಂವಿಗಳ ಎರೆಹೊಲಗಳಲ್ಲಿ ಮಳೆಯನ್ನು ನಂಬಿ ಬಿತ್ತಿದ ಬೀಜವು ಮೊಳೆತು ಒಣಗಿದಾಗ ರೈತನು ಸಾಲ ತಂದು ಎರಡನೆಯ ಸಾರೆ ಕೂರಿಗೆ ಹೂಡುವನು. ಆ ಬೆಳೆಯೂ ಬರದೆ ಹೋಗಬಹುದು. ಅವನು ಎರಡು ಸೆಟ್ಟು ಸೋತು ಮೂರನೆಯದಕ್ಕೆ ನಿಂತವನೇ. ಆದರೆ ಚಪ್ಪಾಳೆ ತಟ್ಟಲು ಬದುವಿನ ಮೇಲೆ ಯಾರೂ ಇರುವದಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಹಿಂದೆ ಬಿದ್ದ ಹುಡುಗನ ಮುಂದೆ ತಂದೆಯು ಇಂಥ ಆಟಗಳ ಕಥೆಯನ್ನು ಹೇಳುವನು. ಹೇಳುವಾಗ ಧ್ವನಿಯಲ್ಲಿ ಉತ್ತೇಜನವಿದ್ದರೆ ಅದು ಔಷಧ. ‘ಅವರು ಎದ್ದರು, ನಿನಗೇಕೆ ಆಗದು?’ ಎಂಬ ಮೊನೆಯಿದ್ದರೆ ಅದೇ ವಿಷ. ಎದ್ದವರನ್ನು ಕೊಂಡಾಡುವ ಬಾಯಿಯು ಏಳಲಾರದವರನ್ನು ಹಳಿಯುವ ಬಾಯಿಯಾಗಲು ಬಹಳ ಹೊತ್ತು ಬೇಕಾಗುವದಿಲ್ಲ.

ಇಷ್ಟೇ ಅಲ್ಲ, ಏಳುವದೆಂದರೆ ಮೊದಲಿದ್ದ ನೆಲೆಗೆ ಹಿಂದಿರುಗುವದೆಂದು ತಿಳಿಯುವದೂ ಒಂದು ಭ್ರಮೆಯೇ. ಹಾನಗಲ್ಲೆಂಬ ಹೆಸರನ್ನು ತಮ್ಮ ಹೆಸರಿನೊಡನೆ ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಮೊದಲಿನ ಧ್ವನಿಮುದ್ರಿಕೆಗಳಲ್ಲಿ ಕಂಠವು ಎಳೆಯದು, ಸಣ್ಣದು. ಗಂಟಲಿನ ವ್ಯಾಧಿಯ ತರುವಾಯ ಆ ಕಂಠವು ಹೋಯಿತು. ಗಂಡುದನಿಯಂಥ ಗಂಭೀರವಾದ ಮತ್ತೊಂದು ಕಂಠವು ಬಂದಿತು. ಹೋದ ಕಂಠವು ಅವರಿಗೆ ತಿರುಗಿ ದೊರೆಯಲಿಲ್ಲ. ಸವಾಯಿ ಗಂಧರ್ವರ ಶಿಷ್ಯೆಯಾದ ಅವರು ಉಳಿದ ಕಂಠದಲ್ಲಿಯೇ ಸಾಧನೆ ಮಾಡಿದರು. ಜಗತ್ತು ಗುರುತಿಸುವದು ಈ ಎರಡನೆಯ ಕಂಠವನ್ನೇ. ಶನಿವಾರದ ಪೇಸರೂ ತಮ್ಮ ಇಪ್ಪತ್ತರ ಪ್ರಾಯಕ್ಕೆ ಹಿಂದಿರುಗಿ ಗೆಲ್ಲಲಿಲ್ಲ. ನಾಲ್ವತ್ತೊಂದರ ಕಾಲುಗಳಿಂದಲೇ ಗೆದ್ದರು. ಕಳೆದುದನ್ನು ಮರಳಿ ಪಡೆಯುವದಲ್ಲ, ಉಳಿದುದರಿಂದ ಮುಂದುವರಿಯುವದೇ ನಿಜವಾದ ಏಳಿಗೆ.

ಹಾಗಾದರೆ ಅಂಥ ಆಟವನ್ನು ನೆನೆದಾಗ ಕಣ್ಣು ಹನಿಗೂಡುವದೇಕೆ? ಫಲವೊಂದೇ ಕಾರಣವಾಗಿದ್ದರೆ ಸುಲಭವಾಗಿ ಗೆದ್ದ ಆಟಕ್ಕೂ ಕಣ್ಣೀರು ಬರಬೇಕಾಗಿದ್ದಿತು, ಬರುವದಿಲ್ಲ. ವಿಚಾರಿಸಿ ನೋಡಿದರೆ ಕಾರಣವು ಆಟಗಾರನಲ್ಲಿಯಲ್ಲ, ನೋಡುವವನಲ್ಲಿಯೇ ಇರುವದು. ಎರಡು ಸೆಟ್ಟು ಹೋದಾಗ ಅಂಗಣದಲ್ಲಿ ಕುಳಿತವನು ಮನಸ್ಸಿನಲ್ಲಿ ಲೆಕ್ಕವನ್ನು ಮುಗಿಸಿಬಿಟ್ಟಿದ್ದನು. ‘ಆಯಿತು, ಇನ್ನೇನು’ ಎಂದುಕೊಂಡಿದ್ದನು. ಅಂಗಣದೊಳಗಿದ್ದವರು ಮಾತ್ರ ಲೆಕ್ಕವನ್ನು ಮುಗಿಸಿರಲಿಲ್ಲ. ಮುಂದೆ ಆಟವು ತಿರುಗಿದಂತೆಲ್ಲ ನೋಡುವವನಿಗೆ ತನ್ನ ಅವಸರದ ತೀರ್ಪು ನಾಚಿಕೆಯನ್ನು ತರುವದು; ಆ ತೀರ್ಪನ್ನು ಸುಳ್ಳುಮಾಡಿದವರ ಮೇಲೆ ಕೃತಜ್ಞತೆ ಹುಟ್ಟುವದು. ಈ ನಾಚಿಕೆ, ಈ ಕೃತಜ್ಞತೆ ಎರಡೂ ಕೂಡಿದ ನೀರೇ ಅದು. ತಾನು ಕೈಬಿಟ್ಟವರು ತನ್ನನ್ನು ಕೈಬಿಡಲಿಲ್ಲವೆಂಬ ಅರಿವಿಗಿಂತ ಮನುಷ್ಯನನ್ನು ಹೆಚ್ಚಾಗಿ ಕರಗಿಸುವದು ಬೇರೆ ಯಾವದೂ ಇಲ್ಲ.

ಇದು ನಿಜವಾದರೆ ಅಂಥ ಸ್ಮೃತಿಯು ಕಲಿಸುವ ಪಾಠವೂ ಬೇರೆಯಾಗುವದು. ಬಿದ್ದವರೆಲ್ಲ ಏಳುವರು ಎಂಬದು ಆ ಪಾಠವಲ್ಲ. ಅದು ಸುಳ್ಳು, ಲೋಕವು ದಿನದಿನವೂ ಅದನ್ನು ಸುಳ್ಳೆಂದು ತೋರಿಸುತ್ತಿರುವದು. ಆಟವು ನಡೆದಿರುವಾಗಲೇ ಬಿದ್ದವನ ಲೆಕ್ಕವನ್ನು ಮುಗಿಸುವ ಅಧಿಕಾರವು ನೋಡುವವನಿಗಿಲ್ಲ ಎಂಬದೇ ಆ ಪಾಠವು. ಏಳುವದು ಬಿದ್ದವನ ಶಕ್ತಿಗೆ, ಕಾಲಕ್ಕೆ, ದೈವಕ್ಕೆ ಸೇರಿದ್ದು. ಕಡೆಯವರೆಗೆ ನಿಂತು ನೋಡುವದು, ನಡುವೆ ಎದ್ದು ಹೋಗದಿರುವದು, ಇವು ನೋಡುವವನ ಧರ್ಮಕ್ಕೆ ಸೇರಿದವು. ಈ ಧರ್ಮವನ್ನು ಕಲಿತವನು ೮-೬ರಿಂದ ಸೋತ ಜೋಡಿಗೂ, ಸೋಮವಾರ ಸೋತ ತರುಣನಿಗೂ ಚಪ್ಪಾಳೆ ತಟ್ಟುವನು. ಎರಡನೆಯ ಸಾರೆ ಬಿತ್ತುವ ನೆರೆಯವನ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುವನು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗನಿಗೆ ಕಥೆಯನ್ನು ಹೇಳುವದಕ್ಕೆ ಮುಂಚೆ ಮಗನ ಕಥೆಯನ್ನು ಕೇಳುವನು.

ಬೋಪಣ್ಣನವರು ಆ ಬಳಿಕವೂ ಆಡುತ್ತಲೇ ಇದ್ದು, ೨೦೨೪ರ ಜನವರಿಯಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮುಕ್ತ ಪಂದ್ಯಾವಳಿಯ ಪುರುಷರ ಜೋಡಿಯಾಟವನ್ನು ಗೆದ್ದರು. ಅದು ನೋಡಿದವರಿಗೆಲ್ಲ ಆನಂದದ ಸಂಗತಿಯೇ. ಆದರೆ ಅದು ಆಗದೆ ಹೋಗಿದ್ದರೂ ೨೦೧೪ರ ಆ ಶನಿವಾರದ ಬೆಲೆಯು ಒಂದು ಕಾಸಿನಷ್ಟೂ ಕಡಮೆಯಾಗುತ್ತಿರಲಿಲ್ಲ. ಹಾನಗಲ್ಲಿನ ವೀರಗಲ್ಲಿನ ಮುಂದೆ ನಿಂತವನು ಆ ಕಾಳಗದಲ್ಲಿ ಗೆದ್ದವರಾರೆಂದು ಕೇಳುವದಿಲ್ಲ. ಕಲ್ಲಿನೊಳಗಿನವನ ಕೈಯಲ್ಲಿ ಕತ್ತಿಯು ಇನ್ನೂ ಎತ್ತಿದಂತೆಯೇ ಇರುವದನ್ನು ನೋಡಿ ಮುಂದೆ ಹೋಗುವನು.