ಸೊನ್ನಲಿಗೆಯ ಕೆರೆಯ ದಡದಲ್ಲಿ



ಪುಣ್ಯಕ್ಷೇತ್ರವನ್ನು ನಾವು ನೋಡಿಬಂದರೆ ಸಾಲದು. ಕ್ಷೇತ್ರವೂ ನಮ್ಮನ್ನು ನೋಡಬೇಕು. ಸೊಲ್ಲಾಪುರದಲ್ಲಿ, ಅಂದರೆ ಶರಣರ ಸೊನ್ನಲಿಗೆಯಲ್ಲಿ, ನನಗೆ ಆದ ಅನುಭವವಿದು.

ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಆ ಊರಿನಲ್ಲಿ, 12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿದರು. 68 ಲಿಂಗಗಳನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ. ನೀರಿನ ನಡುವೆ ದೇವಾಲಯ. ಅದರ ಆವರಣದಲ್ಲಿ ಅವರ ಗದ್ದುಗೆ. ವರ್ಷವರ್ಷವೂ ಮಕರಸಂಕ್ರಾಂತಿಗೆ ನಂದಿಧ್ವಜಗಳ ಉತ್ಸವ. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಜನಕ್ಕೂ ದನಕ್ಕೂ ನೀರೊದಗಿಸುವುದೇ ಅವರಿಗೆ ಶಿವಪೂಜೆಯಾಯಿತು.

ದಡದಲ್ಲಿ ಕುಳಿತಾಗ ನಮ್ಮ ಹಿಲ್ಲೂರಿನ ನೆನಪಾಯಿತು. ಘಟ್ಟದ ಕೆಳಗಿನ ನಮಗೆ ಮಳೆಗೇನೂ ಬರವಿಲ್ಲ. ಆದರೆ ಬಿದ್ದ ನೀರು ಹಳ್ಳ ಹಿಡಿದು ಕಡಲು ಸೇರುತ್ತದೆ, ಬೇಸಗೆಯಲ್ಲಿ ಬಾವಿಯ ತಳ ಕಾಣುತ್ತದೆ. ಒಂದು ವರ್ಷ ನೆರೆಯವರು ಬಾವಿಯ ಹೂಳೆತ್ತಲು ಕರೆದರು. ಲಿಂಗಪೂಜೆಯ ಹೊತ್ತೆಂದು ಹೇಳಿ ನಾನು ಬಾಗಿಲು ಹಾಕಿಕೊಂಡೆನು. ನನ್ನ ಪೂಜೆ ಬೇಗನೆ ಮುಗಿಯಿತು. ಅವರ ಕೆಲಸ ಸಂಜೆಯವರೆಗೂ ನಡೆಯಿತು. ಮರುದಿನ ಅದೇ ಬಾವಿಯ ನೀರಿನಿಂದ ಇಷ್ಟಲಿಂಗಕ್ಕೆ ಮಜ್ಜನ ಮಾಡಿದೆನು!

ಇಂಥ ಆಲಸ್ಯಕ್ಕೆ ನಮ್ಮಂಥ ಓದಿದವರು ಶಾಸ್ತ್ರದ ಹೊದಿಕೆಯನ್ನೂ ಹೊದಿಸುತ್ತೇವೆ. ಕೆರೆಯ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುದೇವರು ನಿಷ್ಠುರವಾಗಿ ಎಚ್ಚರಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅದನ್ನು ಹಿಡಿದು, ಕೆರೆಬಾವಿಗಳ ಕಾಯಕ ಕೀಳು, ಧ್ಯಾನವೊಂದೇ ಮೇಲು ಎಂದು ಅರ್ಥ ಮಾಡುತ್ತೇವೆ. ಪ್ರಭುದೇವರು ಬಿಡಿಸಬಯಸಿದ್ದು ಕೈಯ ಗುದ್ದಲಿಯನ್ನಲ್ಲ, ‘ನಾನು ಮಾಡಿದೆ’ ಎಂಬ ಭಾವವನ್ನು. ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರು. ಮುಂದೆ ಶೂನ್ಯಸಿಂಹಾಸನವನ್ನೂ ಏರಿದರು. ಆದರೆ ಅರಿವು ಬಂದಿತೆಂದು ಅವರು ಕೆರೆಯನ್ನು ಮುಚ್ಚಿಸಲಿಲ್ಲ. ಅವರ ಗದ್ದುಗೆ ಇರುವುದೂ ಆ ನೀರಿನ ನಡುವೆಯೇ.

ತೋಡಿದವನಿಗೆ ಪ್ರಭುದೇವರು ‘ನಾನು’ ಎಂಬುದನ್ನು ಬಿಡು ಎಂದರು. ಒಂದು ಬುಟ್ಟಿ ಮಣ್ಣನ್ನೂ ಹೊರದವನಿಗೆ ಬಿಡಲು ಏನಿದೆ? ಮೊದಲು ಮಾಡೋಣ, ಮಾಡಿದೆನೆಂಬುದನ್ನು ಆಮೇಲೆ ಮರೆಯೋಣ. ನೆರೆಯವರು ಕರೆದಾಗ ಬಾಗಿಲು ತೆರೆದು ಹೊರಡುವುದೂ ಪೂಜೆಯೇ. ಹಿಂತಿರುಗಿ ಬಂದ ಮೇಲೆ ಬಾವಿಗೆ ಇಳಿದ ಆ ದಿನ, ಲಿಂಗವನ್ನು ಹಿಡಿದ ನನ್ನ ಅಂಗೈಗೆ ಕೆಸರಿನ ವಾಸನೆಯಿತ್ತು. ಮನಸ್ಸು ಮಾತ್ರ ಎಂದಿಗಿಂತ ನಿರ್ಮಲವಾಗಿತ್ತು.