ಹೊಲ ಕಾಯುವ ಬಂದೂಕು: ಆಯ್ಕೆಗೆ ಮುನ್ನ

ಮನುಷ್ಯನು ಕೈಗೆತ್ತಿಕೊಳ್ಳುವ ಪ್ರತಿಯೊಂದು ಸಾಧನವೂ ಅವನ ಮುಂದೆ ಎರಡು ಪ್ರಶ್ನೆಗಳನ್ನಿಡುತ್ತದೆ. ಇದರಿಂದ ನನ್ನ ಕೆಲಸವಾಗುವುದೇ ಎಂಬುದು ಒಂದು. ಇದರಿಂದ ಇತರರಿಗೆ ಏನಾಗುವುದು ಎಂಬುದು ಇನ್ನೊಂದು. ಅಂಗಡಿಯವನು ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳುತ್ತಾನೆ. ಎರಡನೆಯದಕ್ಕೆ ಕೊಳ್ಳುವವನೇ ಉತ್ತರ ಕಂಡುಕೊಳ್ಳಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರೈತನ ಕಷ್ಟ ಸಣ್ಣದಲ್ಲ. ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಗೋವಿನಜೋಳವನ್ನು ನೆಲಕ್ಕೊರಗಿಸುತ್ತದೆ. ಕಬ್ಬಿನ ಗದ್ದೆಯೊಳಗೆ ನರಿ ಮನೆ ಮಾಡುತ್ತದೆ. ಕುರಿಹಟ್ಟಿಗೆ ತೋಳದ ಭಯವಿದೆ. ಬಕ್ರೀದಿಗೆಂದು ಸಾಕಿದ ಆಡಿನ ಮರಿ ಕಳೆದುಕೊಂಡ ಮನೆಯವರು 'ಒಂದು ಬಂದೂಕು ತರೋಣ, ಯಾವುದು ಒಳ್ಳೆಯದು?' ಎಂದು ಕೇಳಿದರೆ ಅವರನ್ನು ಕ್ರೂರಿಗಳೆನ್ನಲಾಗದು. ಆದರೆ ಪ್ರಶ್ನೆಯ ಕ್ರಮ ಸರಿಯಾಗಬೇಕು.

ಆಯುಧದ ಬೆಲೆ ಏನೆಂದು ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರಿನಲ್ಲಿ ಸೈನ್ಯ ಊರಿಗೆ ಬೆಂಕಿ ಹಚ್ಚಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಅಂದಿನ ಕಾನೂನು ಪರಕೀಯರದು, ಪ್ರಜೆಗಳನ್ನು ನಿರಾಯುಧರನ್ನಾಗಿಸಲು ಬಂದದ್ದು. ಇಂದಿನದು ನಮ್ಮದೇ ಪ್ರತಿನಿಧಿಗಳು ಮಾಡಿದ್ದು, ನೆರೆಯವನ ಪ್ರಾಣ ಕಾಯಲು ಬಂದದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಧರ್ಮವು ಬೇಟೆಯನ್ನು ನಿಷೇಧಿಸಿಲ್ಲ. ತರಬೇತಿ ಪಡೆದ ಪ್ರಾಣಿ ಹಿಡಿದುಕೊಟ್ಟ ಬೇಟೆಯನ್ನು ಪವಿತ್ರ ಕುರ್‌ಆನ್ ಅನುಮತಿಸಿದೆ. ಹಾನಿಕರ ಜೀವಿಗಳನ್ನು ಕೊಲ್ಲಲು ಪ್ರವಾದಿವರ್ಯರು(ಸ) ಅನುಮತಿ ಕೊಟ್ಟಿದ್ದಾರೆ. ಆದರೆ ಜೀವವಿರುವುದನ್ನು ಗುರಿಯ ಆಟಕ್ಕೆ ಇಡುವುದನ್ನು ಅವರೇ ತಡೆದರು. ಪ್ರಾಣಿಯನ್ನು ಕೊಯ್ಯುವಾಗಲೂ ಕತ್ತಿ ಹರಿತವಾಗಿರಲಿ, ಅದಕ್ಕೆ ಹಿಂಸೆಯಾಗದಿರಲಿ ಎಂದು ಬೋಧಿಸಿದರು. ಅಂದರೆ ಅನುಮತಿಯೆಂಬುದು ಮನಸ್ಸಿಗೆ ಬಂದಂತೆ ನಡೆಯುವ ಸ್ವಾತಂತ್ರ್ಯವಲ್ಲ. ಅದಕ್ಕೆ ಅಗತ್ಯ, ಮಿತಿ ಮತ್ತು ಕರುಣೆ ಎಂಬ ಮೂರು ಬೇಲಿಗಳಿವೆ.

ಈಗ ಕಾನೂನನ್ನು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿ, ತೋಳ, ಚಿಂಕಾರ ಎಲ್ಲವೂ ರಕ್ಷಿತ ಪ್ರಾಣಿಗಳು. ಮುಧೋಳ-ಬೀಳಗಿ ನಡುವಿನ ಯಡಹಳ್ಳಿಯಲ್ಲಿ ಚಿಂಕಾರಕ್ಕೆಂದೇ ಅಭಯಾರಣ್ಯವಿದೆ. ಆದ್ದರಿಂದ ನರಿಯ ಬೇಟೆಗೆ ಯಾವ ಬಂದೂಕು ಒಳ್ಳೆಯದೆಂಬ ಪ್ರಶ್ನೆಗೆ ಉತ್ತರ, ಯಾವುದೂ ಅಲ್ಲ ಎಂಬುದೇ. ಹೊಲದ ಇಲಿಗಳನ್ನು ತಿಂದು ನರಿಯು ರೈತನಿಗೆ ಮಾಡುವ ಉಪಕಾರವನ್ನೂ ಮರೆಯಬಾರದು. ಕಾಡುಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿ ಬೇಕು.

ಇವೆರಡೂ ದೊರೆತವೆನ್ನಿ. ಆಗಲೂ ರೈಫಲ್ ನಮ್ಮ ಬಯಲಿಗೆ ಹೊಂದುವುದಿಲ್ಲ. ಅದರ ಗುಂಡು ಒಂದು ಕಿಲೋಮೀಟರಿಗೂ ಮಿಗಿಲಾಗಿ ಹೋಗಬಲ್ಲದು. ಕಬ್ಬಿನ ಆಚೆ ಬದಿಯಲ್ಲಿ ಕಟಾವಿಗೆ ಬಂದ ಬಡ ಕೂಲಿಯವರ ಗುಡಿಸಲಿರಬಹುದು, ಮಕ್ಕಳಿರಬಹುದು. ಬೆಳೆ ರಕ್ಷಣೆಗೆ ಕಾಯಿದೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಸ್ವರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕೂ ಇದೆ. ಹತ್ತಿರದ ಗುರಿಗೆ ಇವು ಸಾಕು.

ಬಂದೂಕಿಗಿಂತ ಹೆಚ್ಚು ಯೋಚಿಸಬೇಕಾದದ್ದು ಗುಂಡಿನ ಬಗ್ಗೆ. ಸಾಮಾನ್ಯ ಗುಂಡು ಸೀಸದ್ದು. ಅದು ದೇಹಕ್ಕೆ ತಾಗಿ ಒಡೆಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಾಂಸದೊಳಗೆ ಹರಡುತ್ತವೆ. ಹಂದಿಯ ಮಾಂಸ ನಮಗೆ ನಿಷಿದ್ಧವಾದ್ದರಿಂದ ಆ ಶವ ಹೊಲದಲ್ಲೇ ಬಿದ್ದಿರುತ್ತದೆ. ಅದನ್ನು ತಿನ್ನುವವರು ಯಾರು? ಹದ್ದು, ಕಾಗೆ, ನಾಯಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಡರ್ ಎಂಬ ರಣಹದ್ದುಗಳು ಹೀಗೆ ಸೀಸದ ವಿಷದಿಂದ ಸತ್ತವು. ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ಣ ನಿಷಿದ್ಧ. ಡೆನ್ಮಾರ್ಕ್ ದೇಶವು 1996ರಲ್ಲೇ ಸೀಸದ ಚರೆಗಳನ್ನು ನಿಲ್ಲಿಸಿತು. ಸೀಸ ಕೊಳೆತು ಮಣ್ಣಾಗುವುದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮೇಯುವ ಹಕ್ಕಿಯು ಚರೆಯನ್ನು ಹರಳೆಂದು ನುಂಗಿದರೆ ಅದರ ಜಠರದಲ್ಲಿ ವಿಷವು ಅರೆಯಲ್ಪಡುತ್ತದೆ. ಮಕ್ಕಳ ದೇಹಕ್ಕಂತೂ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬದಲಿ ಲೋಹಗಳಿವೆ. ಆದರೆ ಅವಕ್ಕೂ ತಿಳುವಳಿಕೆ ಬೇಕು. ಉಕ್ಕಿನ ಚರೆ ಸೀಸಕ್ಕಿಂತ ಹಗುರ, ಆದ್ದರಿಂದ ಬೇಗ ವೇಗ ಕಳೆದುಕೊಳ್ಳುತ್ತದೆ. ಚರೆಯ ಗಾತ್ರ ಹೆಚ್ಚಬೇಕು, ಹೊಡೆಯುವ ದೂರ ಕಡಿಮೆಯಾಗಬೇಕು. ಅದು ಗಡುಸಾದ್ದರಿಂದ ಅಜ್ಜನ ಕಾಲದ ನಳಿಗೆಯನ್ನು ಕೆಡಿಸಬಹುದು. ಬಿಸ್ಮತ್ ಮೃದು, ಹಳೆಯ ಬಂದೂಕಿಗೂ ಹೊಂದುತ್ತದೆ, ಆದರೆ ದುಬಾರಿ. ಯಾವುದನ್ನೇ ಬಳಸುವ ಮೊದಲು ಬಂದೂಕು ಬಲ್ಲವರಿಗೆ ನಳಿಗೆ ತೋರಿಸಿ ಹಲಗೆಯ ಮೇಲೆ ಪರೀಕ್ಷಿಸಬೇಕು. ಗುರಿ ತಪ್ಪಿ ಗಾಯಗೊಂಡು ನರಳುತ್ತಾ ಓಡುವ ಪ್ರಾಣಿಯ ಹಿಂಸೆಗೆ ಸೀಸವಿಲ್ಲದ ಗುಂಡೆಂಬ ಸಮರ್ಥನೆ ಸಾಲದು.

'ವರ್ಷದ ಬೆಳೆ ಹೋದವನಿಗೆ ಹದ್ದಿನ ಚಿಂತೆಯೇ? ನನ್ನೊಬ್ಬನ ನಾಲ್ಕು ಗುಂಡಿನಿಂದ ಏನಾದೀತು?' ಎಂದು ಕೇಳುವವರಿದ್ದಾರೆ. ಬೆಳೆಹಾನಿಗೆ, ಜಾನುವಾರು ಹಾನಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುತ್ತದೆ. ಅದನ್ನು ಪಟ್ಟುಹಿಡಿದು ಕೇಳುವುದು ನಮ್ಮ ಹಕ್ಕು. ಇನ್ನು ನಾಲ್ಕು ಗುಂಡಿನ ಮಾತು. ಕೆರೆಗೆ ಕಸ ಹಾಕುವ ಪ್ರತಿಯೊಬ್ಬನೂ ತನ್ನದು ಒಂದೇ ಬುಟ್ಟಿ ಎನ್ನುತ್ತಾನೆ. ಊರು ಕುಡಿಯುವುದು ಎಲ್ಲ ಬುಟ್ಟಿಗಳ ನೀರನ್ನು. ಸಾಕ್ಷಿಯಿಲ್ಲದ ಹಾನಿಯನ್ನು ಪಂಚಾಯಿತಿ ವಿಚಾರಿಸಲಾರದು. ಆದರೆ ಎಲ್ಲವನ್ನೂ ನೋಡುವವನೊಬ್ಬನಿದ್ದಾನೆಂದು ನಂಬಿದವನಿಗೆ ಆ ನೆಪ ಉಳಿಯುವುದಿಲ್ಲ.

ಬಂದೂಕಿಗಿಂತ ಮೊದಲು ಯೋಚಿಸಬಹುದಾದ ಕಾವಲುಗಾರನೊಬ್ಬನು ನಮ್ಮ ಮನೆಬಾಗಿಲಲ್ಲೇ ಇದ್ದಾನೆ. ಜಗತ್ತಿಗೆ ಮುಧೋಳದ ಹೆಸರು ತಲುಪಿಸಿದ್ದು ಅದರ ಬೇಟೆನಾಯಿ. ತಿಮ್ಮಾಪುರದಲ್ಲಿ ಅದರ ತಳಿ ಕೇಂದ್ರವಿದೆ. ನಾಯಿ ಸಾಕಲು ನಮ್ಮವರು ಹಿಂಜರಿಯುತ್ತಾರೆ. ಆದರೆ ಹೊಲ, ಹಿಂಡು ಮತ್ತು ಬೇಟೆಗಾಗಿ ನಾಯಿ ಸಾಕಲು ಹದೀಸಿನಲ್ಲಿ ಅನುಮತಿಯಿದೆ. ಗಟ್ಟಿಯಾದ ರಾತ್ರಿದೊಡ್ಡಿ, ಬೇಲಿ, ಸರದಿಯ ಕಾವಲು, ಬೊಗಳುವ ನಾಯಿ - ಇಷ್ಟನ್ನು ಮಾಡಿ ನೋಡದೆ ಬಂದೂಕನ್ನು ಅಗತ್ಯವೆನ್ನಲಾಗದು. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವುದು, ಬೇಲಿಗೆ ವಿದ್ಯುತ್ ಹರಿಸುವುದಂತೂ ಮನುಷ್ಯರನ್ನೂ ದನಗಳನ್ನೂ ಕೊಲ್ಲುವ ಮಹಾಪಾಪ.

ಆದ್ದರಿಂದ ಬಂದೂಕು ಕೊಳ್ಳಹೊರಟ ಸಹೋದರನು ಮೊದಲು ಮನೆಯವರೊಂದಿಗೆ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದು ನಿಜವಾಗಿ ಅಗತ್ಯವೇ? ಅನುಮತಿ ಇದೆಯೇ? ಗುಂಡು ಗುರಿ ದಾಟಿದರೆ ಎಲ್ಲಿ ಬೀಳುವುದು? ಪ್ರಾಣಿ ಸತ್ತ ಮೇಲೆ ಅದರ ಶವವನ್ನು ಯಾರು ತಿನ್ನುವರು? ಈ ಕೊನೆಯ ಪ್ರಶ್ನೆಯನ್ನು ಯಾವ ಅಧಿಕಾರಿಯೂ ಅವನಿಂದ ಕೇಳಲಾರನು. ಅದನ್ನು ತನಗೆ ತಾನೇ ಕೇಳಿಕೊಳ್ಳುವ ಅಭ್ಯಾಸವನ್ನು ನಾವು ನಮ್ಮ ಮಕ್ಕಳಿಗೂ ಕಲಿಸಬೇಕಾಗಿದೆ.